ಫಿಲ್ಟರ್ ನೀರು ಕುಡಿದವರಿಗೇ ಮೊಣಕಾಲು ನೋವು ಹೆಚ್ಚು? ಗದಗ ಜಿಲ್ಲೆಯ ಒಂದು ಊರಿನ ಸಮೀಕ್ಷೆಯ ಪ್ರಕರಣ ಅಧ್ಯಯನ

ಇಲ್ಲಿ ವಿವರಿಸುವ ಪ್ರಕರಣ ಗದಗ ಜಿಲ್ಲೆಯ ಒಣಬೇಸಾಯದ ಭಾಗದ ಒಂದು ಊರಿನದು. ಊರಿನ ಹೆಸರು, ತಾಲ್ಲೂಕು, ವರ್ಷ ಹಾಗೂ ಪಾಲ್ಗೊಂಡವರನ್ನು ಗುರುತಿಸಬಹುದಾದ ವಿವರಗಳನ್ನು ಬಿಟ್ಟಿದ್ದೇನೆ. ಸಂಖ್ಯೆಗಳನ್ನೂ ಊರಿನ ಗುರುತು ಸಿಗದಂತೆ, ಲೆಕ್ಕ ಹಿಡಿಯಲು ಸುಲಭವಾಗುವಂತೆ ಬದಲಿಸಿ ದುಂಡಾಗಿಸಿದ್ದೇನೆ. ಆದ್ದರಿಂದ ಅವುಗಳನ್ನು ಗದಗ ಜಿಲ್ಲೆಯ ಅಂಕಿಅಂಶವೆಂದು ಯಾರೂ ಉಲ್ಲೇಖಿಸಬಾರದು. ಅಂಕಿಗಳು ಹೇಗೆ ದಾರಿ ತಪ್ಪಿಸಿದವು, ಯಾವ ಪ್ರಶ್ನೆ ಕೇಳಿದಾಗ ದಾರಿ ಸಿಕ್ಕಿತು ಎಂಬುದು ಮಾತ್ರ ನಡೆದಂತೆಯೇ ಇದೆ.

ಹಿನ್ನೆಲೆ

ಗದಗ ಜಿಲ್ಲೆಯ ಹಲವು ಕಡೆ, ಅದರಲ್ಲೂ ಮುಂಡರಗಿ ಸುತ್ತಿನ ಭಾಗದಲ್ಲಿ, ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಇರುವುದು ಹೊಸ ಸಂಗತಿಯಲ್ಲ. ಗಟ್ಟಿ ಶಿಲೆಯ ಬಿರುಕುಗಳಲ್ಲಿ ನಿಂತ ನೀರು ಕಲ್ಲಿನ ಖನಿಜಗಳಿಂದ ಫ್ಲೋರೈಡನ್ನು ಕರಗಿಸಿಕೊಳ್ಳುತ್ತದೆ. ಕುಡಿಯುವ ನೀರಿಗೆ ಭಾರತೀಯ ಮಾನಕ ಸಂಸ್ಥೆ ಇಟ್ಟಿರುವ ಮಿತಿ ಲೀಟರಿಗೆ 1 ಮಿಲಿಗ್ರಾಂ. ಬೇರೆ ಮೂಲವೇ ಇಲ್ಲದಿದ್ದರೆ 1.5 ಮಿಲಿಗ್ರಾಂವರೆಗೆ ಸಹಿಸಬಹುದೆಂದು ಅದೇ ಮಾನಕ ಹೇಳುತ್ತದೆ. ಇದಕ್ಕಿಂತ ಹೆಚ್ಚು ಫ್ಲೋರೈಡ್ ಇರುವ ನೀರನ್ನು ಹಲ್ಲು ರೂಪುಗೊಳ್ಳುವ ವಯಸ್ಸಿನಲ್ಲಿ ಕುಡಿದ ಮಕ್ಕಳ ಹಲ್ಲಿನ ಮೇಲೆ ಕಲೆ ಮೂಡುತ್ತದೆ. ಇನ್ನೂ ಹೆಚ್ಚಿನ ಪ್ರಮಾಣವಿದ್ದು, ವರ್ಷಾನುಗಟ್ಟಲೆ ಕುಡಿದರೆ ಅದು ಮೂಳೆಯಲ್ಲಿ ಸೇರಿಕೊಂಡು ಕುತ್ತಿಗೆ, ಬೆನ್ನು, ಮೊಣಕಾಲುಗಳು ಬಿಗಿಯುತ್ತವೆ. ಆರಂಭದಲ್ಲಿ ಈ ನೋವಿಗೂ ಸಾಮಾನ್ಯ ಸಂಧಿವಾತದ ನೋವಿಗೂ ವ್ಯತ್ಯಾಸ ತಿಳಿಯುವುದು ಕಷ್ಟ. ನೀರನ್ನು ಕುದಿಸಿದರೆ ರೋಗಾಣು ಸಾಯುತ್ತವೆಯೇ ಹೊರತು ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗಿ ಇಂಗಿದಷ್ಟು ಅದರ ಸಾಂದ್ರತೆ ಹೆಚ್ಚುತ್ತದೆ.

ಈ ಊರಿನಲ್ಲಿಯೂ ಕೆಲವು ವರ್ಷಗಳ ಹಿಂದೆ ಶುದ್ಧ ಕುಡಿಯುವ ನೀರಿನ ಘಟಕ ಬಂದಿತ್ತು. ಐದು ರೂಪಾಯಿಯ ನಾಣ್ಯ ಹಾಕಿದರೆ ಇಪ್ಪತ್ತು ಲೀಟರಿನ ಕ್ಯಾನು ತುಂಬುವ, ಒಳಗೆ ನೀರಿನಲ್ಲಿ ಕರಗಿದ ಲವಣಗಳನ್ನು ತಡೆಯುವ ಆರ್‌ಒ ಪೊರೆಯಿರುವ, ನಮ್ಮ ಕಡೆ ಎಲ್ಲರೂ ‘ಫಿಲ್ಟರ್’ ಎಂದೇ ಕರೆಯುವ ಘಟಕ ಅದು. ಅದನ್ನು ಕಟ್ಟಿದ ಜಾಗ ಈ ಪ್ರಕರಣದಲ್ಲಿ ಮುಖ್ಯ. ಘಟಕ ಇರುವುದು ಅಗಸಿಯ, ಅಂದರೆ ಊರ ಹೆಬ್ಬಾಗಿಲಿನ ಪಕ್ಕ, ಪಂಚಾಯಿತಿ ಕಚೇರಿಯ ಬೆನ್ನಿಗೆ. ಅಗಸಿಯೊಳಗಿನ ಹಳೆಯ ಓಣಿಗಳಲ್ಲಿ ಈಗ ಉಳಿದವರಲ್ಲಿ ವಯಸ್ಸಾದವರೇ ಹೆಚ್ಚು. ಮದುವೆಯಾಗಿ ಬೇರೆಯಾದ ಮಕ್ಕಳು, ದುಡಿಯಲು ಬಂದು ನೆಲೆಸಿದ ಕುಟುಂಬಗಳು ಊರ ಹೊರಗಿನ ಪ್ಲಾಟಿನಲ್ಲಿ ಮನೆ ಕಟ್ಟಿಕೊಂಡಿದ್ದಾರೆ. ಪ್ಲಾಟಿನಿಂದ ಘಟಕಕ್ಕೆ ಒಂದೂವರೆ ಕಿಲೋಮೀಟರಿನಷ್ಟು ದೂರ; ಬೈಕ್ ಇಲ್ಲದ ಮನೆಗೆ ದಿನವೂ ತುಂಬಿದ ಕ್ಯಾನು ಹೊತ್ತು ತರುವುದು ಆಗದ ಮಾತು. ಅಲ್ಲಿ ಮನೆ ಮುಂದಿನ ನಳದಲ್ಲಿ ಬರುವುದು ಕೊಳವೆಬಾವಿಯ ನೀರು, ಅವರು ಅದನ್ನೇ ಕುಡಿಯುತ್ತಾರೆ. ಹೀಗೆ ಯಾರೂ ಉದ್ದೇಶಿಸದೆ ಊರಿನ ಹಿರಿಯರ ಪಾಲಿಗೆ ಫಿಲ್ಟರ್ ನೀರು, ಕಿರಿಯರ ಪಾಲಿಗೆ ಬೋರಿನ ನೀರು ಹಂಚಿಕೆಯಾಗಿತ್ತು.

ಸಮಸ್ಯೆ

‘ಫಿಲ್ಟರ್ ನೀರು ಕುಡಿದರೆ ಮೊಣಕಾಲು ಹಿಡಿಯುತ್ತವೆ’ ಎಂಬ ಮಾತು ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಕೇಳದವರಿಲ್ಲ. ಈ ಊರಿನಲ್ಲಿ ಆ ಮಾತಿಗೆ ಒಂದು ಹಾಳೆಯ ಬಲ ಸಿಕ್ಕಿತು. ಸ್ವಸಹಾಯ ಸಂಘದ ಕೆಲವು ಯುವತಿಯರು ಊರಿನ ಆರೋಗ್ಯ ಸಮೀಕ್ಷೆಯೊಂದನ್ನು ಶ್ರದ್ಧೆಯಿಂದ ಮಾಡಿದ್ದರು. ನಾನೂರು ವಯಸ್ಕರ ವಯಸ್ಸು, ಕುಡಿಯುವ ನೀರಿನ ಮೂಲ, ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕೀಲುನೋವು, ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆ ಮುಂತಾದವನ್ನು ಕೇಳಿ ಬರೆದುಕೊಂಡಿದ್ದರು. ಒಟ್ಟು ಲೆಕ್ಕ ಹಾಕಿದಾಗ ಫಿಲ್ಟರ್ ನೀರು ಕುಡಿಯುವ 200 ಜನರಲ್ಲಿ 76 ಮಂದಿಗೆ, ಅಂದರೆ ನೂರಕ್ಕೆ 38 ಜನರಿಗೆ, ಮೊಣಕಾಲು ನೋವಿತ್ತು. ಬೋರಿನ ನೀರು ಕುಡಿಯುವ 200 ಜನರಲ್ಲಿ 46 ಮಂದಿಗೆ, ಅಂದರೆ ನೂರಕ್ಕೆ 23 ಜನರಿಗೆ, ಆ ನೋವಿತ್ತು.

ಇದೇ ಹೊತ್ತಿಗೆ ಘಟಕದ ಆರ್‌ಒ ಪೊರೆಯನ್ನು ಬದಲಿಸಬೇಕಾಗಿ ಬಂದಿತ್ತು. ದುರಸ್ತಿಗೆ ಹಣ ತೆಗೆದಿಡಬೇಕೋ, ಘಟಕವನ್ನೇ ಮುಚ್ಚಿ ಆ ಹಣವನ್ನು ಹೊಸ ಕೊಳವೆಬಾವಿಗೆ ಬಳಸಬೇಕೋ ಎಂಬ ಚರ್ಚೆ ಪಂಚಾಯಿತಿಯಲ್ಲಿ ಎದ್ದಿತ್ತು. ಸಮೀಕ್ಷೆಯ ಎರಡು ಅಂಕಿಗಳು ವಾಟ್ಸಾಪಿನಲ್ಲಿ ಹರಿದಾಡಿದವು, ಕೆಲವು ಮನೆಯವರು ಕ್ಯಾನು ಮೂಲೆಗಿಟ್ಟು ನಳದ ನೀರಿಗೆ ಮರಳಿದರು. ಹಾಗೆ ಮರಳಿದ ಮನೆಗಳಲ್ಲಿ ಹಲ್ಲು ಹುಟ್ಟುವ ವಯಸ್ಸಿನ ಮಕ್ಕಳೂ ಇದ್ದರು ಎಂಬುದು ಸಮೀಕ್ಷೆ ಮಾಡಿದವರಲ್ಲಿ ಒಬ್ಬರಾದ ಶಾಲಾ ಶಿಕ್ಷಕಿಯನ್ನು ಕಳವಳಕ್ಕೀಡು ಮಾಡಿತು. ಹಾಳೆಗಳನ್ನು ಇನ್ನೊಮ್ಮೆ ಓದಲು ಅವರು ನನ್ನ ನೆರವು ಕೇಳಿದ್ದರಿಂದ ಈ ಪ್ರಕರಣವನ್ನು ಹತ್ತಿರದಿಂದ ನೋಡಲು ಸಾಧ್ಯವಾಯಿತು.

ಒಂದು ಮಾತನ್ನು ಮೊದಲೇ ಹೇಳಬೇಕು. ಊರಿನವರು ಅಂಕಿಗಳನ್ನು ತಿರುಚಿರಲಿಲ್ಲ, ಸಮೀಕ್ಷೆ ಮಾಡಿದವರು ಸುಳ್ಳು ಬರೆದಿರಲಿಲ್ಲ. 38 ಮತ್ತು 23 ಎರಡೂ ಸರಿಯಾದ ಅಂಕಿಗಳೇ ಆಗಿದ್ದವು. ‘ನೀರಿನಿಂದ ನೋವು’ ಎಂದು ಅವುಗಳಿಗೆ ಕೊಟ್ಟ ಅರ್ಥಕ್ಕೆ ಮಾತ್ರ ಆಧಾರವಿರಲಿಲ್ಲ.

ಮೊದಲ ಪ್ರಯತ್ನ: ವಯಸ್ಸಿನ ಪ್ರಕಾರ ವಿಂಗಡಣೆ

ಹಾಳೆಗಳನ್ನು ನಾವು ಮೊದಲು ವಯಸ್ಸಿನ ಪ್ರಕಾರ ಎರಡು ಕಟ್ಟು ಮಾಡಿದೆವು: ಐವತ್ತು ತುಂಬಿದವರು, ತುಂಬದವರು. ಫಿಲ್ಟರ್ ನೀರಿನ 200 ಜನರಲ್ಲಿ 140 ಮಂದಿ ಐವತ್ತು ದಾಟಿದವರಿದ್ದರು, ಬೋರಿನ ನೀರಿನ 200 ಜನರಲ್ಲಿ ಅಂಥವರು ಐವತ್ತೇ ಮಂದಿ. ಇನ್ನು ನೋವಿನ ಲೆಕ್ಕ. ಐವತ್ತು ದಾಟಿದವರಲ್ಲಿ ಫಿಲ್ಟರ್ ನೀರಿನ 140 ಜನರ ಪೈಕಿ 70 ಮಂದಿಗೆ ನೋವಿತ್ತು, ಅಂದರೆ ನೂರಕ್ಕೆ 50; ಬೋರಿನ ನೀರಿನ 50 ಜನರ ಪೈಕಿ 28 ಮಂದಿಗೆ, ಅಂದರೆ ನೂರಕ್ಕೆ 56. ಐವತ್ತರ ಒಳಗಿನವರಲ್ಲಿ ಫಿಲ್ಟರ್ ನೀರಿನ 60 ಜನರ ಪೈಕಿ 6 ಮಂದಿಗೆ ನೋವಿತ್ತು, ಅಂದರೆ ನೂರಕ್ಕೆ 10. ಬೋರಿನ ನೀರಿನ 150 ಜನರ ಪೈಕಿ 18 ಮಂದಿಗೆ, ಅಂದರೆ ನೂರಕ್ಕೆ 12.

ಒಟ್ಟಾರೆ ನೋಡಿದಾಗ ಫಿಲ್ಟರ್ ನೀರಿನವರಿಗೆ ನೋವು ಹೆಚ್ಚು. ಹಿರಿಯರನ್ನು ಹಿರಿಯರೊಂದಿಗೆ, ಕಿರಿಯರನ್ನು ಕಿರಿಯರೊಂದಿಗೆ ಹೋಲಿಸಿದರೆ ಎರಡೂ ಕಡೆ ಅವರಿಗೇ ನೋವು ತುಸು ಕಡಿಮೆ. ಲೆಕ್ಕದಲ್ಲಿ ಯಾವ ಮೋಸವೂ ಇಲ್ಲ. ಬೇಕಾದವರು ಕೂಡಿಸಿ ನೋಡಬಹುದು. ನೀರಿನ ಮೂಲಕ್ಕೂ ನೋವಿಗೂ ಎರಡಕ್ಕೂ ಸಂಬಂಧವಿರುವ ಮೂರನೆಯ ಅಂಶವೊಂದು, ಇಲ್ಲಿ ವಯಸ್ಸು, ನಡುವೆ ಸೇರಿಕೊಂಡು ಹೋಲಿಕೆಯನ್ನು ಕೆಡಿಸಿತ್ತು. ಸಂಖ್ಯಾಶಾಸ್ತ್ರದವರು ಇಂಥದ್ದನ್ನು ಗೊಂದಲಕಾರಕ ಅಂಶ ಅಥವಾ ಕನ್‌ಫೌಂಡರ್ ಎನ್ನುತ್ತಾರೆ. ಅದರಿಂದಾಗಿ ಒಟ್ಟು ಲೆಕ್ಕದ ದಿಕ್ಕು ಗುಂಪುಗಳೊಳಗಿನ ಲೆಕ್ಕದ ದಿಕ್ಕಿಗೆ ತಿರುಗುಮುರುಗಾಗುವ ಸ್ಥಿತಿಗೆ, 1951ರಲ್ಲಿ ಅದರ ಬಗ್ಗೆ ಬರೆದ ಎಡ್ವರ್ಡ್ ಸಿಂಪ್ಸನ್ ಅವರ ಹೆಸರಿನಿಂದ ಸಿಂಪ್ಸನ್ ವಿರೋಧಾಭಾಸ ಎಂಬ ಹೆಸರು ಬಂದಿದೆ. ವೈದ್ಯಕೀಯದಲ್ಲಿ ಇದರ ಹೆಸರಾಂತ ಉದಾಹರಣೆ 1986ರಲ್ಲಿ ಬ್ರಿಟನ್ನಿನಲ್ಲಿ ಪ್ರಕಟವಾದ ಮೂತ್ರಪಿಂಡದ ಕಲ್ಲಿನ ಚಿಕಿತ್ಸೆಯ ವರದಿ. ಅದರಲ್ಲಿ ತೆರೆದ ಶಸ್ತ್ರಚಿಕಿತ್ಸೆ ನೂರಕ್ಕೆ 78 ಜನರಲ್ಲಿ ಸಫಲವಾಗಿತ್ತು, ಚರ್ಮದಲ್ಲಿ ಸಣ್ಣ ರಂಧ್ರ ಮಾಡಿ ಕಲ್ಲು ತೆಗೆಯುವ ವಿಧಾನ 83 ಜನರಲ್ಲಿ. ಆದರೆ ಸಣ್ಣ ಕಲ್ಲುಗಳಲ್ಲಿ ತೆರೆದ ಶಸ್ತ್ರಚಿಕಿತ್ಸೆಯ ಸಫಲತೆ 93, ಇನ್ನೊಂದರದು 87. ದೊಡ್ಡ ಕಲ್ಲುಗಳಲ್ಲಿ 73 ಮತ್ತು 69. ಕಠಿಣವಾದ, ದೊಡ್ಡ ಕಲ್ಲಿನ ರೋಗಿಗಳೇ ತೆರೆದ ಶಸ್ತ್ರಚಿಕಿತ್ಸೆಗೆ ಹೆಚ್ಚಾಗಿ ಹೋಗಿದ್ದರಿಂದ ಒಟ್ಟು ಲೆಕ್ಕದಲ್ಲಿ ಅದು ಹಿಂದೆ ಬಿದ್ದಂತೆ ಕಂಡಿತ್ತು.

ಇಲ್ಲಿಯೇ ಒಂದು ಅಪಾಯವೂ ಕಾದಿತ್ತು. ಹೊಸ ಲೆಕ್ಕ ನೋಡಿದ ಯುವತಿಯರಲ್ಲಿ ಒಬ್ಬರು, ‘ಫಿಲ್ಟರ್ ನೀರು ಕುಡಿದರೆ ಮೊಣಕಾಲು ನೋವು ಕಡಿಮೆಯಾಗುತ್ತದೆ’ ಎಂದು ಗೋಡೆಯ ಮೇಲೆ ಬರೆಸೋಣವೆಂದರು. ಘಟಕ ಉಳಿಯಲೆಂಬ ಕಾಳಜಿ ಆ ಮಾತಿನ ಹಿಂದಿತ್ತು. ಆದರೆ ಬೋರಿನ ನೀರಿನ ಐವತ್ತು ಹಿರಿಯರಲ್ಲಿ 28ರ ಬದಲು 25 ಮಂದಿಗೆ ನೋವಿದ್ದಿದ್ದರೆ ಎರಡೂ ಕಡೆಯ ಪ್ರಮಾಣ ಸಮನಾಗುತ್ತಿತ್ತು. ಮೂರು ಜನರ ಮೇಲೆ ನಿಂತ ವ್ಯತ್ಯಾಸವನ್ನು ಔಷಧದ ಗುಣವೆಂದು ಸಾರುವುದು, ಮೊದಲಿನ ತಪ್ಪು ಅರ್ಥದಷ್ಟೇ ತಪ್ಪಾಗುತ್ತಿತ್ತು. ವಯಸ್ಸನ್ನು ಸರಿಹೊಂದಿಸಿದ ಮೇಲೆ ಫಿಲ್ಟರ್ ನೀರಿನ ಮೇಲಿನ ಆರೋಪಕ್ಕೆ ಈ ಹಾಳೆಗಳಲ್ಲಿ ಪುರಾವೆ ಉಳಿಯುವುದಿಲ್ಲ ಎಂಬುದಕ್ಕಿಂತ ಹೆಚ್ಚೇನನ್ನೂ ಹೇಳಬಾರದೆಂದು ತೀರ್ಮಾನಿಸಿದೆವು. ನನ್ನ ದೃಷ್ಟಿಯಲ್ಲಿ ಈ ಪ್ರಕರಣದ ಅತ್ಯಂತ ಕಷ್ಟದ, ಅತ್ಯಂತ ಒಳ್ಳೆಯ ನಿರ್ಧಾರ ಇದೇ.

ಎರಡನೆಯ ಪ್ರಯತ್ನ: ಯಾವುದು ಮೊದಲು, ಯಾವುದು ಆಮೇಲೆ

ವಯಸ್ಸಿನ ವಿವರಣೆ ಸಾಕೆನಿಸಿದರೂ ಶಿಕ್ಷಕಿ ಇನ್ನೊಂದು ಪ್ರಶ್ನೆ ಎತ್ತಿದರು. ಅವರ ಓಣಿಯಲ್ಲಿಯೇ ಹಲವರು ಮೊಣಕಾಲು ನೋವಿಗೆ ಗದಗಕ್ಕೋ ಹುಬ್ಬಳ್ಳಿಗೋ ಹೋಗಿ ತೋರಿಸಿಕೊಂಡು ಬಂದ ಮೇಲೆ, ವೈದ್ಯರು ‘ಬೋರಿನ ನೀರು ಬಿಡಿ’ ಎಂದಿದ್ದರಿಂದ ಕ್ಯಾನು ಹಿಡಿದವರು. ಹಾಗಿದ್ದರೆ ನೋವೇ ಅವರನ್ನು ಫಿಲ್ಟರ್ ನೀರಿನ ಕಡೆಗೆ ಕಳುಹಿಸಿತ್ತು. ಇದು ವಯಸ್ಸಿನಂತೆ ನಡುವೆ ಬಂದ ಮೂರನೆಯ ಅಂಶದ ಮಾತಲ್ಲ. ಕಾರಣ ಮತ್ತು ಪರಿಣಾಮಗಳೇ ಅದಲುಬದಲಾದ ಸಂಗತಿ. ಎರಡನ್ನೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ಏಕೆಂದರೆ ವಯಸ್ಸಿನ ಪ್ರಕಾರ ಎಷ್ಟೇ ವಿಂಗಡಿಸಿದರೂ ಈ ಅದಲುಬದಲು ಹಾಗೆಯೇ ಉಳಿದಿರುತ್ತದೆ.

ನೋವಿದ್ದ 76 ಮಂದಿಯ ಮನೆಗೆ ಮತ್ತೆ ಹೋಗಿ, ನೋವು ಮೊದಲೋ ಫಿಲ್ಟರ್ ನೀರು ಮೊದಲೋ ಎಂದು ಕೇಳಲಾಯಿತು. ಇಸವಿ ಕೇಳಿದರೆ ಯಾರಿಗೂ ನೆನಪಾಗುವುದಿಲ್ಲ. ಆದರೆ 2019ರ ಮಲಪ್ರಭೆಯ ಪ್ರವಾಹಕ್ಕೆ ಮುಂಚೆಯೋ ಆಮೇಲೋ, ಕೊರೊನಾ ಲಾಕ್‌ಡೌನಿನ ಹೊತ್ತಿಗೆ ಏಣಿ ಹತ್ತಲು ಬರುತ್ತಿತ್ತೋ ಇಲ್ಲವೋ, ಹಿರಿಯ ಮಗಳ ಮದುವೆಯಲ್ಲಿ ನೆಲದ ಮೇಲೆ ಪಂಕ್ತಿಗೆ ಕುಳಿತಿದ್ದರೋ ಕುರ್ಚಿ ಕೇಳಿದ್ದರೋ ಎಂದು ಕೇಳಿದರೆ ಉತ್ತರ ಗಟ್ಟಿಯಾಗಿ ಬರುತ್ತದೆ. ಹೀಗೆ ಕೇಳಿದಾಗ 47 ಮಂದಿ, ನೋವು ಮೊದಲಿನಿಂದ ಇತ್ತು, ಫಿಲ್ಟರ್ ನೀರು ಆಮೇಲೆ ಬಂತು ಎಂದರು. ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ವೈದ್ಯರ ಅಥವಾ ಔಷಧ ಅಂಗಡಿಯವರ ಮಾತಿನ ಮೇಲೆ ನೀರು ಬದಲಿಸಿದವರು. ಹನ್ನೊಂದು ಮಂದಿಗೆ ನೆನಪಿರಲಿಲ್ಲ. ಉಳಿದ 18 ಮಂದಿಗೆ ಫಿಲ್ಟರ್ ನೀರು ಶುರುವಾದ ಮೇಲೆ ನೋವು ಬಂದಿತ್ತು.

ಈ ಹದಿನೆಂಟು ಜನರನ್ನು ಹೇಗೆ ನೋಡಬೇಕು? ‘ಹದಿನೆಂಟಾದರೂ ಇದ್ದಾರಲ್ಲ’ ಎನ್ನುವುದು ಸಹಜ. ಆದರೆ ಬೋರಿನ ನೀರು ಕುಡಿಯುವವರಿಗೆ ‘ಶುರು ಮಾಡಿದ ದಿನ’ ಎಂಬುದೇ ಇಲ್ಲ. ಅವರು ಹುಟ್ಟಿದಾಗಿನಿಂದ, ಇಲ್ಲವೇ ಊರಿಗೆ ಸೊಸೆಯಾಗಿಯೋ ದುಡಿಯಲೋ ಬಂದಾಗಿನಿಂದ ಅದನ್ನೇ ಕುಡಿದವರು. ಆದ್ದರಿಂದ ಅದೇ ಅವಧಿಯಲ್ಲಿ ಅವರಲ್ಲಿ ಎಷ್ಟು ಜನರಿಗೆ ಹೊಸದಾಗಿ ನೋವು ಬಂತೆಂದು ಈ ಹಾಳೆಗಳಿಂದ ತಿಳಿಯುವಂತಿರಲಿಲ್ಲ. ಹೋಲಿಕೆಗೆ ಜೊತೆಯಿಲ್ಲದ ಸಂಖ್ಯೆ ಎಷ್ಟೇ ದೊಡ್ಡದಿರಲಿ, ಚಿಕ್ಕದಿರಲಿ, ಅದು ಒಂದು ಪ್ರಶ್ನೆಯಾಗಿ ಮಾತ್ರ ಉಳಿಯುತ್ತದೆ. ಇದಲ್ಲದೆ ಆ ಹದಿನೆಂಟು ಮಂದಿ ಅದಕ್ಕೂ ಮುಂಚೆ ದಶಕಗಳ ಕಾಲ ಬೋರಿನ ನೀರನ್ನೇ ಕುಡಿದಿದ್ದರು. ಮೂಳೆಯಲ್ಲಿ ಸೇರಿದ ಫ್ಲೋರೈಡ್ ನೀರು ಬದಲಿಸಿದ ಕೂಡಲೇ ಹೋಗುವುದಿಲ್ಲ, ಅದಕ್ಕೆ ವರ್ಷಗಳೇ ಹಿಡಿಯುತ್ತವೆ.

ನೀರನ್ನೇ ಪರೀಕ್ಷಿಸಿದಾಗ

ಅಲ್ಲಿಯವರೆಗೆ ಎಲ್ಲರೂ ‘ಫಿಲ್ಟರ್ ನೀರು’ ಎಂದರೆ ಫ್ಲೋರೈಡ್ ತೆಗೆದ ನೀರೆಂದೇ ತಿಳಿದಿದ್ದರು. ಜಲಜೀವನ ಮಿಷನ್ ಅಡಿಯಲ್ಲಿ ಹಳ್ಳಿಯ ಮಹಿಳೆಯರಿಗೆ ನೀರಿನ ಪರೀಕ್ಷೆಯ ತರಬೇತಿ ಕೊಡಲಾಗುತ್ತದೆ. ಸಂಘದ ಇಬ್ಬರು ಆ ತರಬೇತಿ ಪಡೆದವರಾಗಿದ್ದರು. ಅವರು ಪಂಚಾಯಿತಿಯ ಕಪಾಟಿನಲ್ಲಿದ್ದ ಕಿಟ್ಟನ್ನು ತೆಗೆದರು. ಪುಟ್ಟ ಬಾಟಲಿಯಲ್ಲಿ ಗೆರೆಯವರೆಗೆ ನೀರು ತುಂಬಿ ಅದಕ್ಕೆ ಕೆಂಪು ದ್ರಾವಣ ಹನಿಸಿದರೆ, ಫ್ಲೋರೈಡ್ ಇಲ್ಲದ ನೀರು ಗುಲಾಬಿ ಬಣ್ಣದಲ್ಲಿಯೇ ನಿಲ್ಲುತ್ತದೆ. ಫ್ಲೋರೈಡ್ ಹೆಚ್ಚಿದಂತೆಲ್ಲ ಬಣ್ಣ ಹಳದಿಯ ಕಡೆಗೆ ವಾಲುತ್ತದೆ. ಬಾಟಲಿಯನ್ನು ಬೆಳಕಿಗೆ ಹಿಡಿದು, ಬಣ್ಣದ ಪಟ್ಟಿಯ ಪಕ್ಕ ಇಟ್ಟು ಓದಬೇಕು. ಪ್ಲಾಟಿನ ನಳದ ನೀರು ಹಳದಿಗೆ ತಿರುಗಿತು. ಅದು ಎಲ್ಲರೂ ನಿರೀಕ್ಷಿಸಿದ್ದೇ. ಘಟಕದಿಂದ ಆ ದಿನ ತುಂಬಿದ ಕ್ಯಾನಿನ ನೀರೂ ಹೆಚ್ಚುಕಡಿಮೆ ಅದೇ ಬಣ್ಣಕ್ಕೆ ಬಂದಾಗ ಅಲ್ಲಿದ್ದವರು ಮಾತು ನಿಲ್ಲಿಸಿದರು.

ವಿಚಾರಿಸಿದಾಗ ಸಂಗತಿ ಹೊರಬಂತು. ಪೊರೆ ಕಟ್ಟಿಕೊಂಡು ನೀರಿನ ಹರಿವು ಕಡಿಮೆಯಾದಾಗ, ಜನ ಸಾಲಿನಲ್ಲಿ ಕಾಯುತ್ತಾರೆಂದು ಘಟಕ ನೋಡಿಕೊಳ್ಳುವವರು ನೀರನ್ನು ಪೊರೆಯ ಮೂಲಕ ಹಾಯಿಸದೆ ನೇರವಾಗಿ ಬಿಡುವ ಬೈಪಾಸ್ ವಾಲ್ವ್ ತೆರೆದಿದ್ದರು. ಹಲವು ತಿಂಗಳುಗಳಿಂದ ಐದು ರೂಪಾಯಿಗೆ ಸಿಗುತ್ತಿದ್ದುದು ಹೆಚ್ಚಿನ ಪಾಲು ಬೋರಿನ ನೀರೇ. ಅಂದರೆ ಸಮೀಕ್ಷೆಯ ಹಾಳೆಯ ಮೇಲೆ ಎರಡು ಗುಂಪುಗಳಿದ್ದರೂ, ಇತ್ತೀಚಿನ ತಿಂಗಳುಗಳ ಮಟ್ಟಿಗೆ ಅವರು ಕುಡಿಯುತ್ತಿದ್ದ ನೀರಿನಲ್ಲಿ ದೊಡ್ಡ ಅಂತರವಿರಲಿಲ್ಲ. ಹಾಳೆಯ ಕಾಲಮ್ಮಿನಲ್ಲಿ ಬರೆದ ಹೆಸರು ಒಂದು, ನಿಜವಾಗಿ ದೇಹಕ್ಕೆ ಹೋದದ್ದು ಇನ್ನೊಂದು. ವಿಂಗಡಣೆ ಎಷ್ಟು ಜಾಣತನದ್ದಾಗಿದ್ದರೂ ಈ ದೋಷವನ್ನು ಸರಿಪಡಿಸುವುದಿಲ್ಲ. ಎದ್ದು ಹೋಗಿ ನೀರನ್ನು ನೋಡಿದರೆ ಮಾತ್ರ ಅದು ತಿಳಿಯುತ್ತದೆ.

ತಿರುವು: ಗ್ರಾಮಸಭೆಯಲ್ಲಿ

ವಯಸ್ಸಿನ ಪ್ರಕಾರ ವಿಂಗಡಿಸಿದ ಕೋಷ್ಟಕವನ್ನು ಗ್ರಾಮಸಭೆಯಲ್ಲಿ ದೊಡ್ಡ ಹಾಳೆಯ ಮೇಲೆ ಬರೆದು ತೋರಿಸಿದರೂ ಅದು ಯಾರಿಗೂ ಹಿಡಿಸಲಿಲ್ಲ. ನಾಲ್ಕು ಚೌಕಗಳ ಕೋಷ್ಟಕ, ಎಂಟು ಸಂಖ್ಯೆಗಳು, ಶೇಕಡಾವಾರು. ‘ತಮಗೆ ಬೇಕಾದಂಗ ಲೆಕ್ಕ ತಿರಿವ್ಯಾರ’ ಎಂಬ ಮಾತೂ ಹಿಂದಿನ ಸಾಲಿನಿಂದ ಬಂತು. ಊರಿನ ಹಿರಿಯ ಸದಸ್ಯರೊಬ್ಬರು ನೇರವಾಗಿ ಕೇಳಿದರು:

“ಅಕ್ಕೋರ, ನೂರರಾಗ ಮೂವತ್ತೆಂಟು ಮಂದಿ ಅಂತ ಮದಲ ಬರದವರು ನೀವ. ಈಗ ಅದನ್ನ ಬ್ಯಾರೆ ಅಂದ್ರ ಹೆಂಗ ನಂಬೂದ್ರಿ?”

ಶಿಕ್ಷಕಿ ಕೋಷ್ಟಕವನ್ನು ಬಿಟ್ಟು ಸಮೀಕ್ಷೆಯ ಬೇರೊಂದು ಕಾಲಮ್ಮನ್ನು ಓದಿದರು. “ಅಜ್ಜಾರ, ಅದ ಹಾಳ್ಯಾಗ ಇನ್ನೊಂದು ಲೆಕ್ಕ ಐತಿ, ಕೇಳ್ರಿ. ಕಣ್ಣಿನ ಪೊರಿ ಆಪರೇಷನ್ ಆದವರು ಫಿಲ್ಟರ್ ನೀರಿನವರೊಳಗ ನೂರಕ್ಕ ಹದಿನೇಳು, ಬೋರಿನ ನೀರಿನವರೊಳಗ ನೂರಕ್ಕ ಏಳು. ಹಂಗಾದ್ರ ಪೊರೀನೂ ಫಿಲ್ಟರ್ ನೀರಿಂದನ ಬಂತೇನ್ರಿ?”

“ನೀರಿಂದ ಪೊರಿ ಹೆಂಗ ಬರ್ತೈತವ್ವಾ? ಅದು ವಯಸ್ಸಿಗೆ ಬರೂದು.”

“ಮತ್ತ ಮೊಣಕಾಲಿಗೆ ವಯಸ್ಸಾಗೂದಿಲ್ಲೇನ್ರಿ, ಅಜ್ಜಾರ?”

ಸಭೆಯ ದಿಕ್ಕು ಬದಲಾದದ್ದು ಇಲ್ಲಿ. ಆ ಕಾಲಮ್ಮು ಹಾಳೆಯಲ್ಲಿ ಇದ್ದದ್ದು ಕಣ್ಣಿನ ಶಿಬಿರದ ಸಲುವಾಗಿ. ನೀರಿನ ಚರ್ಚೆಗೆ ಅದರಿಂದ ಉಪಯೋಗವಾಗುತ್ತದೆಂದು ಯಾರೂ ಯೋಚಿಸಿರಲಿಲ್ಲ. ನೀರಿನಿಂದ ಬರಲು ಸಾಧ್ಯವೇ ಇಲ್ಲವೆಂದು ಎಲ್ಲರೂ ಒಪ್ಪುವ ತೊಂದರೆಯೊಂದು ಕೂಡ ಫಿಲ್ಟರ್ ನೀರಿನವರಲ್ಲೇ ಹೆಚ್ಚಾಗಿ ಕಂಡರೆ, ಎರಡು ಗುಂಪುಗಳ ನಡುವೆ ನೀರನ್ನು ಬಿಟ್ಟು ಬೇರೆ ವ್ಯತ್ಯಾಸವಿದೆ ಎಂಬುದು ಸೂತ್ರಗಳಿಲ್ಲದೆಯೇ ಸ್ಪಷ್ಟವಾಗುತ್ತದೆ.

ಇದೇ ಉಪಾಯವನ್ನು ಹುಬ್ಬಳ್ಳಿ–ಧಾರವಾಡದಲ್ಲಿ ನಡೆದ ದೊಡ್ಡ ಅಧ್ಯಯನವೊಂದು ಶಾಸ್ತ್ರೀಯವಾಗಿ ಬಳಸಿದೆ. ಅವಳಿ ನಗರದ ಕೆಲವು ವಾರ್ಡುಗಳಲ್ಲಿ 2007–08ರ ಸುಮಾರಿಗೆ ದಿನದ ಇಪ್ಪತ್ನಾಲ್ಕು ಗಂಟೆಯೂ ನೀರು ಬರತೊಡಗಿತ್ತು, ಉಳಿದ ಕಡೆ ಹಲವು ದಿನಗಳಿಗೊಮ್ಮೆ ಬರುತ್ತಿತ್ತು. ನಿರಂತರ ನೀರಿನಿಂದ ಮಕ್ಕಳ ಆರೋಗ್ಯ ಸುಧಾರಿಸಿತೇ ಎಂದು ತಿಳಿಯಲು ಸಂಶೋಧಕರು ಅಂಥ ಎಂಟು ವಾರ್ಡುಗಳನ್ನು, ಸ್ಥಿತಿಗತಿಯಲ್ಲಿ ಅವಕ್ಕೆ ಹೊಂದುವ ಬೇರೆ ಎಂಟು ವಾರ್ಡುಗಳೊಂದಿಗೆ ಜೋಡಿಸಿ, ಐದು ವರ್ಷದೊಳಗಿನ ಮಕ್ಕಳಿರುವ 3,922 ಮನೆಗಳನ್ನು 2010ರಿಂದ 2012ರವರೆಗೆ ಮತ್ತೆ ಮತ್ತೆ ಭೇಟಿ ಮಾಡಿದರು. ಹೊಟ್ಟೆಯ ಕಾಯಿಲೆಗಳ ಜೊತೆಗೆ ಕೆಮ್ಮು-ನೆಗಡಿ, ತರಚುಗಾಯಗಳನ್ನೂ ಅವರು ಕೇಳಿ ಬರೆದುಕೊಂಡರು. ನಳದ ನೀರು ಎಷ್ಟು ಹೊತ್ತು ಬರುತ್ತದೆ ಎಂಬುದಕ್ಕೂ ಮಗುವಿನ ತರಚುಗಾಯಕ್ಕೂ ಸಂಬಂಧವಿರುವ ಕಾರಣವಿಲ್ಲ. ಅಲ್ಲಿಯೂ ವ್ಯತ್ಯಾಸ ಕಂಡರೆ ಮನೆಗಳ ಹೋಲಿಕೆಯೇ ಸಮನಾಗಿಲ್ಲವೆಂದು ಅನುಮಾನಿಸಬೇಕಾಗುತ್ತದೆ. 2015ರಲ್ಲಿ ಪ್ರಕಟವಾದ ಅದರ ಫಲಿತಾಂಶ ಜನ ನಿರೀಕ್ಷಿಸಿದಷ್ಟು ಸರಳವಾಗಿರಲಿಲ್ಲ. ಒಟ್ಟಾರೆ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗಲಿಲ್ಲ. ಟೈಫಾಯಿಡ್ ಬಂದ ಮನೆಗಳು ಮಾತ್ರ ನಿರಂತರ ನೀರಿನ ವಾರ್ಡುಗಳಲ್ಲಿ ಶೇಕಡಾ 42ರಷ್ಟು ಕಡಿಮೆಯಿದ್ದವು.

ಏನಾಯಿತು

ಪಂಚಾಯಿತಿ ಘಟಕವನ್ನು ಮುಚ್ಚಲಿಲ್ಲ. ಹೊಸ ಪೊರೆ ಬಂತು, ಬೈಪಾಸ್ ವಾಲ್ವಿಗೆ ಬೀಗ ಬಿತ್ತು. ಸಂಘದ ಮಹಿಳೆಯರು ಕಾಲಕಾಲಕ್ಕೆ ಫ್ಲೋರೈಡ್ ಪರೀಕ್ಷೆ ಮಾಡಿ ಫಲಿತಾಂಶವನ್ನು ಘಟಕದ ಗೋಡೆಯ ಕಪ್ಪು ಹಲಗೆಯ ಮೇಲೆ ಬರೆಯುವುದೆಂದು ಒಪ್ಪಂದವಾಯಿತು. ಪ್ಲಾಟಿಗೆ ಟ್ರ್ಯಾಕ್ಟರಿನಲ್ಲಿ ಕ್ಯಾನು ಕಳುಹಿಸುವ ಪ್ರಸ್ತಾಪ ಬಂದರೂ ಅದು ಹಣದ ಕೊರತೆಯಿಂದ ನಿಂತಿದೆ. ಫಿಲ್ಟರ್ ನೀರು ಬಿಟ್ಟಿದ್ದ ಮನೆಗಳೆಲ್ಲ ಅದಕ್ಕೆ ಮರಳಲಿಲ್ಲ. ‘ನಮಗ ನಮ್ಮ ಬೋರಿನ ನೀರ ರುಚಿ’ ಎಂದ ಒಂದಿಷ್ಟು ಜನರ ಮನಸ್ಸು ಯಾವ ಲೆಕ್ಕದಿಂದಲೂ ಬದಲಾಗಿಲ್ಲ, ಮತ್ತು ಅವರ ಮನೆಗಳಲ್ಲಿ ಚಿಕ್ಕ ಮಕ್ಕಳಿರುವುದು ಇಂದಿಗೂ ಚಿಂತೆಯ ವಿಷಯವೇ.

ಆರ್‌ಒ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಕೂಡ ಕಡಿಮೆಯಾಗುತ್ತವೆ ಎಂಬ ಆಕ್ಷೇಪವನ್ನು ಸಭೆಯಲ್ಲಿ ಒಬ್ಬ ಯುವಕ ಎತ್ತಿದ್ದ. ಅದು ಸರಿಯಾದ ಆಕ್ಷೇಪ. ಅದನ್ನು ಮೂಢನಂಬಿಕೆಯೆಂದು ತಳ್ಳಿಹಾಕುವುದು ತಪ್ಪು. ಕ್ಯಾಲ್ಸಿಯಂನ ಹೆಚ್ಚಿನ ಪಾಲು ಹಾಲು-ಮೊಸರು, ಕಾಳು, ಸೊಪ್ಪುಗಳಿಂದ ಬರುತ್ತದೆ ಎಂದು ಅವನಿಗೆ ಉತ್ತರಿಸಲಾಯಿತು. ಆದರೆ ಅವನ ಪ್ರಶ್ನೆಗೆ ಈ ಸಮೀಕ್ಷೆ ಹೌದೆಂದಾಗಲಿ ಇಲ್ಲವೆಂದಾಗಲಿ ಹೇಳುವಂತಿರಲಿಲ್ಲ. ಊಟದ ಬಗ್ಗೆ ಅದು ಏನನ್ನೂ ಕೇಳಿರಲಿಲ್ಲ.

ಪ್ರಕರಣದಿಂದ ತಿಳಿಯುವುದು

ದಿನನಿತ್ಯ ಪತ್ರಿಕೆಯಲ್ಲಿ, ಫೋನಿನಲ್ಲಿ ಬರುವ ‘ಇದನ್ನು ಮಾಡುವವರಲ್ಲಿ ಇಷ್ಟು, ಮಾಡದವರಲ್ಲಿ ಇಷ್ಟು’ ಎಂಬ ಯಾವ ಲೆಕ್ಕಕ್ಕೂ ಕೇಳಬೇಕಾದ ಮೊದಲ ಪ್ರಶ್ನೆ, ಮಾಡುವವರು ಯಾರು ಮತ್ತು ಅವರು ಅದನ್ನು ಏಕೆ ಶುರು ಮಾಡಿದರು ಎಂಬುದು. ಈ ಊರಿನಲ್ಲಿ ಉತ್ತರ ಅಂಕಿಗಳಲ್ಲಿ ಇರಲಿಲ್ಲ, ಊರಿನ ನಕ್ಷೆಯಲ್ಲಿ ಇತ್ತು: ಘಟಕ ಅಗಸಿಯ ಪಕ್ಕ, ಹಿರಿಯರು ಅಗಸಿಯ ಒಳಗೆ. ಊರನ್ನು ಬಲ್ಲವರೇ ಗೊಂದಲಕಾರಕ ಅಂಶವನ್ನು ಬೇಗ ಗುರುತಿಸಬಲ್ಲರು. ಹೊರಗಿನಿಂದ ಬಂದ ತಜ್ಞರಿಗೆ ಪ್ಲಾಟು ಮತ್ತು ಓಣಿಗಳ ನಡುವಿನ ವಯಸ್ಸಿನ ಅಂತರ ಕಾಣುವುದು ತಡವಾಗುತ್ತಿತ್ತು.

ವಯಸ್ಸನ್ನು ಸರಿಹೊಂದಿಸುವ ಲೆಕ್ಕ ಕಠಿಣವೇನಲ್ಲ. ಎರಡೂ ಗುಂಪುಗಳಲ್ಲಿ ಹಿರಿಯ-ಕಿರಿಯರ ಪ್ರಮಾಣ ಇಡೀ ಸಮೀಕ್ಷೆಯಲ್ಲಿದ್ದಂತೆಯೇ, ಅಂದರೆ 190 ಹಿರಿಯರು, 210 ಕಿರಿಯರು, ಇದ್ದಿದ್ದರೆ ಎಂದು ಕಲ್ಪಿಸಿಕೊಳ್ಳಬೇಕು. ಫಿಲ್ಟರ್ ನೀರಿನವರ ಪ್ರಮಾಣದಲ್ಲಿ ಹಿರಿಯರಲ್ಲಿ 95, ಕಿರಿಯರಲ್ಲಿ 21, ಒಟ್ಟು ನಾನೂರಕ್ಕೆ 116 ಜನರಿಗೆ ನೋವು ಇರುತ್ತಿತ್ತು, ಅಂದರೆ ನೂರಕ್ಕೆ 29. ಬೋರಿನ ನೀರಿನವರ ಪ್ರಮಾಣದಲ್ಲಿ ಅದೇ ಲೆಕ್ಕ ನೂರಕ್ಕೆ ಸುಮಾರು 33 ಬರುತ್ತದೆ. 38 ಮತ್ತು 23 ಇದ್ದದ್ದು 29 ಮತ್ತು 33 ಆಗುತ್ತದೆ. ರಾಜ್ಯಗಳ ಮರಣದರವನ್ನು ಹೋಲಿಸುವಾಗಲೂ ಇದೇ ಎಚ್ಚರ ಬೇಕು. ಕೇರಳದ ಕಚ್ಚಾ ಮರಣದರ, ಅಂದರೆ ವಯಸ್ಸನ್ನು ಸರಿಹೊಂದಿಸದ ಮರಣದರ, ದೇಶದ ಸರಾಸರಿಗಿಂತ ಹೆಚ್ಚೆಂದು ಕಂಡರೆ ಅಲ್ಲಿಯ ಆರೋಗ್ಯ ವ್ಯವಸ್ಥೆ ಕೆಟ್ಟಿದೆ ಎಂದು ಅರ್ಥವಲ್ಲ. ಅಲ್ಲಿಯ ಜನ ಹೆಚ್ಚು ಕಾಲ ಬದುಕುವುದರಿಂದ ಜನಸಂಖ್ಯೆಯಲ್ಲಿ ವೃದ್ಧರ ಪಾಲು ದೊಡ್ಡದಿದೆ.

ಹಾಗೆಂದು ಸಿಕ್ಕ ಕಾಲಮ್ಮುಗಳನ್ನೆಲ್ಲ ಹಿಡಿದು ವಿಂಗಡಿಸುತ್ತ ಹೋಗಬಾರದು. ಕುತ್ತಿಗೆ ಬಿಗಿದವರನ್ನು ಪ್ರತ್ಯೇಕ ಮಾಡಿ ಅವರೊಳಗೆ ಮಾತ್ರ ನೀರನ್ನು ಹೋಲಿಸೋಣ ಎಂಬ ಸಲಹೆಯೊಂದು ಬಂದಿತ್ತು. ನೋಡಲು ಅದೂ ಎಚ್ಚರಿಕೆಯ ಕ್ರಮದಂತೆಯೇ ಕಾಣುತ್ತದೆ. ಆದರೆ ಕುತ್ತಿಗೆಯ ಬಿಗಿತ ಫ್ಲೋರೈಡ್ ನೀರಿನಿಂದಲೇ ಉಂಟಾಗಬಹುದಾದ ಪರಿಣಾಮ. ಅದನ್ನು ಸಮ ಮಾಡಿಬಿಟ್ಟರೆ ನೀರಿನ ಪ್ರಭಾವದ ಒಂದು ಭಾಗವನ್ನು ನಾವೇ ಅಳಿಸಿದಂತಾಗುತ್ತದೆ. ವಯಸ್ಸು ಬೇರೆ ತರಹದ್ದು. ನೀರು ಬದಲಿಸಿದರೆ ಯಾರ ವಯಸ್ಸೂ ಬದಲಾಗುವುದಿಲ್ಲ. ಯಾವುದು ಕಾರಣಕ್ಕಿಂತ ಮುಂಚೆ ನಿಂತಿದೆ, ಯಾವುದು ಕಾರಣದ ನಂತರ ಬರುತ್ತದೆ ಎಂಬುದನ್ನು ಲೆಕ್ಕದ ಯಂತ್ರ ಹೇಳಿಕೊಡುವುದಿಲ್ಲ, ವಿಷಯ ತಿಳಿದು ನಿರ್ಧರಿಸಬೇಕು. ಇನ್ನು ಹೆಂಗಸರು-ಗಂಡಸರು, ದಿನವಿಡೀ ಕುಕ್ಕರುಗಾಲಲ್ಲಿ ಕುಳಿತು ಕಳೆ ತೆಗೆಯುವವರು-ತೆಗೆಯದವರು ಎಂದು ವಿಂಗಡಿಸುವುದು ನ್ಯಾಯವೇ. ಐವತ್ತು ದಾಟಿದ ಹೆಂಗಸರಲ್ಲಿ ಮೊಣಕಾಲಿನ ಸವೆತ ಹೆಚ್ಚು. ಆದರೆ ನಾನೂರು ಜನರನ್ನು ಅಷ್ಟೆಲ್ಲ ಒಡೆದರೆ ಒಂದೊಂದು ಗುಂಪಿನಲ್ಲಿ ನಾಲ್ಕಾರು ಜನ ಉಳಿಯುತ್ತಾರೆ, ಅಷ್ಟರಿಂದ ಏನನ್ನೂ ಹೇಳಲಾಗುವುದಿಲ್ಲ.

ಇತ್ಯರ್ಥವಾಗದೆ ಉಳಿದದ್ದು

ಸಮೀಕ್ಷೆ ನಡೆದದ್ದು ಹೆಸರುಕಾಯಿ ಬಿಡಿಸುವ ಸುಗ್ಗಿಯಲ್ಲಿ, ಹಗಲು ಹೊತ್ತು. ಕಾಲಿನಲ್ಲಿ ಬಲವಿದ್ದವರು ಹೊಲದಲ್ಲಿದ್ದರು, ಮೊಣಕಾಲು ನೋವಿನಿಂದ ಹೊಲಕ್ಕೆ ಹೋಗಲಾರದವರು ಮನೆಯಲ್ಲಿ ಸಿಕ್ಕಿದರು. ಆದ್ದರಿಂದ ಊರಿನಲ್ಲಿ ನೋವಿನ ನಿಜವಾದ ಪ್ರಮಾಣ ಎರಡೂ ಗುಂಪುಗಳಲ್ಲಿ ಹಾಳೆಯಲ್ಲಿದ್ದುದಕ್ಕಿಂತ ಕಡಿಮೆ ಇರಬಹುದು, ಮತ್ತು ದುಡಿಯುವ ಕಿರಿಯರೇ ಹೆಚ್ಚಿರುವ ಪ್ಲಾಟಿನಲ್ಲಿ ಈ ವ್ಯತ್ಯಾಸ ಇನ್ನೂ ದೊಡ್ಡದಿರಬಹುದು.

ಫಿಲ್ಟರ್ ನೀರಿನ ನಂತರ ನೋವು ಬಂದ ಹದಿನೆಂಟು ಮಂದಿಗೆ, ಗಲ್ಲವನ್ನು ಎದೆಗೆ ತಾಗಿಸುವುದು, ಮೊಣಕಾಲು ಮಡಚದೆ ಬಾಗಿ ಕಾಲ್ಬೆರಳು ಮುಟ್ಟುವುದು, ಕೈಗಳನ್ನು ತಲೆಯ ಹಿಂದೆ ಒಯ್ಯುವುದು ಎಂಬ ಫ್ಲೋರೋಸಿಸ್‌ನ (ಫ್ಲೋರೈಡಿನಿಂದ ಬರುವ ಕಾಯಿಲೆಯ) ಮೂರು ಸರಳ ಪರೀಕ್ಷೆಗಳನ್ನು ಆರೋಗ್ಯ ಕಾರ್ಯಕರ್ತೆ ಮಾಡಿಸಿದ್ದಾರೆ. ಮೂರನ್ನೂ ಮಾಡಲಾಗದವರನ್ನು ಎಕ್ಸ್‌ರೇಗಾಗಿ ಸರ್ಕಾರಿ ಆಸ್ಪತ್ರೆಗೆ ಕಳುಹಿಸಲಾಗಿದೆ. ಇದೇ ಪರೀಕ್ಷೆಗಳನ್ನು ಬೋರಿನ ನೀರಿನ ಗುಂಪಿನಲ್ಲಿಯೂ ಮಾಡಿಸದೆ ಆ ಹದಿನೆಂಟು ಮಂದಿಯ ಬಗ್ಗೆ ಯಾವ ಹೋಲಿಕೆಯನ್ನೂ ಸಭೆಯ ಮುಂದಿಡಬಾರದೆಂದು ಸಂಘದವರು ನಿರ್ಧರಿಸಿದ್ದಾರೆ. ಎರಡನೆಯ ಸುತ್ತಿನ ಹಾಳೆಯಲ್ಲಿ ನಾಲ್ಕು ಹೊಸ ಕಾಲಮ್ಮುಗಳು ಸೇರಿವೆ: ಈ ನೀರು ಯಾವಾಗಿನಿಂದ, ಯಾಕೆ ಬದಲಿಸಿದಿರಿ, ಅದಕ್ಕೂ ಮುಂಚೆ ಯಾವ ನೀರು, ಘಟಕಕ್ಕೆ ಹೊಸ ಪೊರೆ ಹಾಕಿದ ದಿನ ನೋವಿತ್ತೋ ಇಲ್ಲವೋ. ಕೊನೆಯ ಕಾಲಮ್ಮಿನಿಂದ ಎರಡೂ ಗುಂಪಿಗೆ ಒಂದೇ ದಿನದಿಂದ ಲೆಕ್ಕ ಶುರುವಾಗುತ್ತದೆ. ಈ ಸಲ ಮನೆಗಳಿಗೆ ಹೋಗುವುದು ಕಡಲೆ ಕಿತ್ತು ಮುಗಿದ ಮೇಲೆ, ಎಲ್ಲರೂ ಮನೆಯಲ್ಲಿರುವ ಸಂಜೆಯ ಹೊತ್ತಿನಲ್ಲಿ.